ತೊಂಬತ್ತಾರಕ್ಕೆ ನಿಂತ ಮಾಮ

ಗಂಗಾವತಿ ಕಡೆ ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಏಳುವವರು ಎರಡೇ ಥರದ ಮಂದಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ತೂಬು ಕಾಯಲು ಬ್ಯಾಟರಿ ಹಿಡಿದು ಹೋಗುವ ರೈತರು ಒಂದು. ಇನ್ನೊಂದು ನಮ್ಮ ಸ್ಪೀಡ್ ಮಾಮ. ಮಾಮನಿಗೂ ಕಾಲುವೆ ಕೆಳಗೆ ನಾಲ್ಕು ಎಕರೆ ಗದ್ದೆ ಇತ್ತು ಅನ್ನಿ. ಅದನ್ನು ಕಾಯಲು ಆಳಿದ್ದ. ಮಾಮ ಏಳುತ್ತಿದ್ದುದು ಇಂಟರ್ನೆಟ್ಟಿನಲ್ಲಿ ಮಂದಿ ತಮ್ಮತಮ್ಮೊಳಗೆ ಫೈಲು ಹಂಚಿಕೊಳ್ಳುವ ಟೊರೆಂಟಿಗೆ.

ಇದು 2010ರ ಆಸುಪಾಸಿನ ಮಾತು. ಆಗಿನ ಬ್ರಾಡ್‌ಬ್ಯಾಂಡ್ ಪ್ಲಾನೊಂದರಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಕೇಳುವವರಿಲ್ಲ. ಹಗಲಾದರೆ ಎಂಬಿ ಎಂಬಿಗೂ ಲೆಕ್ಕ. ಮಾಮನ ಲೈನು 256 ಕೆಬಿಪಿಎಸ್. ಪರದೆಯ ಮೇಲೆ ಕಾಣುತ್ತಿದ್ದುದು ಮಾತ್ರ 32.

“ಅಳಿಯಾ, 256 ಕೊಡ್ತೀನಂತ ಹೇಳಿ 32 ಕೊಡಾಕತ್ತಾರ. ಮೋಸ ಐತಿ.”

“ಮೋಸಲ್ಲ ಮಾಮ. ಎಂಟು ಬಿಟ್ಟಿಗೆ ಒಂದು ಬೈಟು. ಲೈನಿನವರು ಬಿಟ್ಟಿನಾಗ ಅಳೀತಾರ, ನಿನ್ನ ಕಂಪ್ಯೂಟರು ಬೈಟಿನಾಗ ಅಳೀತೈತಿ.”

“ಬಿಟ್ಟಿ ಅಂದ್ರ ಪುಕ್ಕಟೆ ಅಲ್ಲೇನು? ಮತ್ತ ರೊಕ್ಕ ಯಾಕ ತಗೋತಾರ?”

ಭತ್ತದ ಚೀಲ ತೂಗುವಾಗ ಅರ್ಧ ಕಿಲೋ ಆಚೀಚೆಯಾದರೂ ಹಮಾಲರ ಜೊತೆ ಜಗಳಕ್ಕೆ ನಿಲ್ಲುವ ಮನುಷ್ಯ ಇವನು. ಎಂಟಕ್ಕೊಂದು ಅನ್ನುವ ಲೆಕ್ಕ ಎದೆಗಿಳಿಯಲು ಒಂದು ವರ್ಷ ಹಿಡಿಯಿತು. ಇಳಿದ ಮೇಲೆ ಇನ್ನೊಂದು ಕಷ್ಟ. ಆರು ತಾಸು ಪೂರ್ತಿ ವೇಗದಲ್ಲಿ ಬಂದರೂ 675 ಎಂಬಿ. ಒಂದು ಸಿಡಿಯೋ 700. ಬೆಳಗ್ಗೆ ಎಂಟು ಬಡಿದಾಗ ಮಾಮನ ಫೈಲು ಒಳ್ಳೆಯ ದಿನವೂ ಶೇಕಡಾ 96ಕ್ಕೆ ಬಂದು, ಗಂಡಿನ ಕಡೆಯವರು ಅಗಸಿಯಲ್ಲಿ ನಿಂತಂತೆ, ನಿಂತುಬಿಡುತ್ತಿತ್ತು. ಅದೂ ನಡುವೆ ಕರೆಂಟು ಹೋಗದಿದ್ದರೆ.

ಏನು ಇಳಿಸುತ್ತೀ ಎಂದು ಕೇಳಿದವರಿಗೆಲ್ಲ ಮಾಮ ಉಬುಂಟು ತೋರಿಸುತ್ತಿದ್ದ. ಅದು ಯಾರು ಬೇಕಾದರೂ ಹಂಚಬಹುದಾದ ಲಿನಕ್ಸು, ಕಾನೂನಿನ ತಕರಾರಿಲ್ಲ. ಪಟ್ಟಿಯಲ್ಲಿ ಅದೊಂದನ್ನು ಮೇಲಿಟ್ಟು ಕೆಳಗೆ ಇನ್ನೇನೇನು ಇಟ್ಟಿದ್ದನೋ, ಹಣೆಯ ವಿಭೂತಿ ನೋಡಿ ಹೊಟ್ಟೆಯೊಳಗಿನದನ್ನು ಹೇಳಲಾಗದು. ಒಂದಂತೂ ಖರೆ. ಇಳಿಸಿದ ಯಾವುದನ್ನೂ ಅವನು ತೆರೆದು ನೋಡಿದವನಲ್ಲ. ಅವನು ನೋಡುತ್ತಿದ್ದುದು ನೀಲಿ ಪಟ್ಟಿ ಬೆಳೆಯುವುದನ್ನು.

ಇಂಥವರು ನಮ್ಮ ಜಿಲ್ಲೆಯ ಊರೂರಿಗೂ ಒಬ್ಬರಿದ್ದರು. ಕೊಪ್ಪಳದಲ್ಲಿ ಝೆರಾಕ್ಸ್ ಅಂಗಡಿಯಲ್ಲಿ, ಕುಷ್ಟಗಿಯಲ್ಲಿ ಫೋಟೋ ಸ್ಟುಡಿಯೋದಲ್ಲಿ, ಯಲಬುರ್ಗಾದಲ್ಲಿ ಒಬ್ಬ ಮಾಸ್ತರ. ಇವರೆಲ್ಲರ ಗುರು ನಮ್ಮ ಮಾಮ. ಪೆನ್‌ಡ್ರೈವನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಅದರೊಳಗೊಂದು ಪ್ಯಾಚು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಬಂದಾಗ ಮೈಕ್ರೋಸಾಫ್ಟಿನವರು ವೈರಸ್ಸು ಹರಡುವುದನ್ನು ತಡೆಯಲು, ಒಮ್ಮೆಗೆ ಅರೆಬರೆ ನಿಂತ ಸಂಪರ್ಕ ಹತ್ತಕ್ಕಿಂತ ಹೆಚ್ಚಿರಬಾರದು ಎಂದು ಬೇಲಿ ಹಾಕಿದ್ದರು. ಆ ಬೇಲಿ ಕಿತ್ತರೆ ಸ್ಪೀಡು ಚಿಮ್ಮುತ್ತದೆ ಎಂಬುದು ಆ ಕಾಲದ ನಂಬಿಕೆ. ಮಾಮ ನಾಲ್ಕೂ ತಾಲೂಕಿನಲ್ಲಿ ಬೇಲಿ ಕಿತ್ತ. ಸ್ಪೀಡು ಇದ್ದಲ್ಲೇ ಇತ್ತು. ಇಬ್ಬರ ಕಂಪ್ಯೂಟರಿಗೆ ವೈರಸ್ಸು ಹೊಕ್ಕಿತು. ಮಾಮ ಆ ಎರಡು ಊರಿಗೆ ಹೋಗುವುದನ್ನು ಬಿಟ್ಟ.

ಕುಷ್ಟಗಿಯ ಸ್ಟುಡಿಯೋದಲ್ಲಿ ಒಮ್ಮೆ, “ಸ್ಪೀಡು ಎಲ್ಲಿಂದ ಬರಬೇಕ್ರಿ, ಸೀಡು ಅದಾವೇನು?” ಎಂದು ಮಾಮ ಕೂಗಾಡುತ್ತಿದ್ದನಂತೆ. ಫೋಟೋಕ್ಕೆ ಬಂದು ಕುಳಿತಿದ್ದ ಹಿರಿಯರೊಬ್ಬರು, “ರೈತ ಸಂಪರ್ಕ ಕೇಂದ್ರಕ್ಕ ಸಜ್ಜಿ ಬೀಜ ಬಂದಾವಂತ, ಪಹಣಿ ತಗೊಂಡು ಹೋಗ್ರಿ” ಎಂದರು. ಮಾಮನಿಗೆ ಸಿಟ್ಟು ಬಂತು. ನಿಜವಾಗಿ ನೋಡಿದರೆ ಆ ಹಿರಿಯರು ಹೇಳಿದ್ದು ಪೂರಾ ತಪ್ಪಲ್ಲ. ಬೀಜ, ಅಂದರೆ ಪೂರ್ತಿ ಫೈಲು, ಇಟ್ಟವರು ಹೆಚ್ಚಿದ್ದು ಬೇಡುವವರು ಕಡಿಮೆ ಇದ್ದ ಫೈಲನ್ನೇ ಆರಿಸಿಕೊಂಡರೆ ಅರ್ಧ ರೋಗ ಅಲ್ಲಿಗೇ ವಾಸಿ. ಮಾಮ ಮಾತ್ರ ಒಂದೇ ಬೀಜ ಇರುವ ಫೈಲು ಹದಿನಾಲ್ಕು ಹಿಡಿದು ಒಟ್ಟಿಗೇ ಹಚ್ಚುತ್ತಿದ್ದ. 32ರಲ್ಲಿ ಹದಿನಾಲ್ಕು ಪಾಲು. ಹದಿನಾಲ್ಕು ಕಾಲುವೆ ತೋಡಿ ಒಂದು ಕೊಡ ನೀರು ಸುರಿದರೆ ಯಾವ ಗದ್ದೆ ನೆನೆದೀತು?

ಇಷ್ಟೆಲ್ಲ ಬಿಡಿ. ಮಾಮನ ಅಸಲು ರೋಗ ಕೈ ಬಿಗಿ. “ಲೈನಿಗೆ ರೊಕ್ಕ ಕಟ್ಟಾಂವ ನಾನು. ನನ್ನ ಕಡೆಯಿಂದ ಯಾವನಿಗೋ ಯಾಕ ಹೋಗ್ಬೇಕು?” ಎಂದು, ಟೊರೆಂಟ್ ಇಳಿಸುವ ಯುಟೊರೆಂಟ್ ತಂತ್ರಾಂಶದ ಸೆಟ್ಟಿಂಗಿಗೆ ಹೋಗಿ ಅಪ್‌ಲೋಡ್ ಮಿತಿಯ ಜಾಗದಲ್ಲಿ ಸೊನ್ನೆ ಬರೆದ. ಬರೆದು, ಹಗೇವಿಗೆ ಬೀಗ ಹಾಕಿದವನ ಸಮಾಧಾನದಲ್ಲಿ ಮಲಗಿದ.

ಆ ತಂತ್ರಾಂಶದಲ್ಲಿ ಸೊನ್ನೆ ಎಂದರೆ ಮಿತಿಯೇ ಇಲ್ಲ ಎಂದರ್ಥ. ಇಡೀ ರಾತ್ರಿ ಮಾಮನ ಮನೆಯಿಂದ ಕಂಡವರಿಗೆಲ್ಲ ಅನ್ನಸಂತರ್ಪಣೆ. ಹೊರಗೆ ಹೋಗುವ ದಾರಿ ತುಂಬಿ ಕಟ್ಟಿಕೊಂಡಿತು. ಭತ್ತದ ಸುಗ್ಗಿಯಲ್ಲಿ ರೈಸ್ ಮಿಲ್ಲುಗಳ ಮುಂದೆ ಲಾರಿ ನಿಂತಾಗ ರಸೀದಿ ತರುವ ಸೈಕಲ್ ಹುಡುಗನೂ ನಡುವೆ ಸಿಕ್ಕಿಕೊಳ್ಳುತ್ತಾನಲ್ಲ, ಹಾಗೆ. “ನಿಮ್ಮ ಮಾಲು ಮುಟ್ಟಿತು” ಎಂಬ ಚೀಟಿ ಆಚೆ ಹೋಗದೆ ಮಾಲು ಕಳಿಸುವವನು ಮುಂದಿನದನ್ನು ಕಳಿಸುವುದಿಲ್ಲ. ಬೆಳಗ್ಗೆ ನೋಡಿದರೆ ಇಳಿದದ್ದು ಶೇಕಡಾ 9.

ವಿಷಯ ತಿಳಿದ ದಿನ ಮಾಮ ಮಧ್ಯಾಹ್ನದ ಊಟ ಬಿಟ್ಟ. ಸಂಜೆ ಸೊನ್ನೆ ಅಳಿಸಿ 1 ಬರೆದ. ಆದರೆ ತಂತ್ರಾಂಶ ಬರೆದವರು ಮಾಮನಂಥವರನ್ನು ಮೊದಲೇ ಕಂಡಿದ್ದರು. ಕೊಡುವುದು 6 ಕಿಲೋಬೈಟಿಗಿಂತ ಕಡಿಮೆಯಾದರೆ, ಕೊಟ್ಟದ್ದರ ಆರು ಪಟ್ಟಷ್ಟೇ ಬರಲಿ ಎಂದು ಒಳಗೆ ಬರೆದಿಟ್ಟಿದ್ದರು. ಒಂದು ಕೊಟ್ಟ, ಆರು ಬಂತು. ಮಾಮ ಎರಡು ಬರೆದ, ಹನ್ನೆರಡಾಯಿತು. ಹಲ್ಲು ಕೀಳಿಸಿಕೊಳ್ಳುವವನಂತೆ ಒಂದೊಂದೇ ಏರಿಸುತ್ತ ಆರಕ್ಕೆ ಬಂದು ನಿಂತ.

ಬಿಟ್‌ಟೊರೆಂಟ್ ಹುಟ್ಟಿದ್ದು 2001ರಲ್ಲಿ. ಬರೆದವನು ಬ್ರಾಮ್ ಕೋಹೆನ್ ಎಂಬ ಅಮೆರಿಕದವನು. ಅವನು ನಮ್ಮ ಕಡೆಯ ಯಾವ ಲಗ್ನಕ್ಕೂ ಬಂದವನಲ್ಲ. ಆದರೂ ಅವನು ಹಾಕಿದ ಲೆಕ್ಕ ನಮ್ಮ ಮುಯ್ಯಿಯದೇ. ನೀನು ನನ್ನ ಮನೆಗೆಷ್ಟು ಮಾಡಿದಿಯೋ ನಾನು ನಿನ್ನ ಮನೆಗಷ್ಟು. ಮಾಡದವನಿಗೆ ತೂಬು ಬಂದ್. ಅದರ ಜೊತೆ ಇನ್ನೊಂದು ಜಾಣತನವನ್ನೂ ಇಟ್ಟಿದ್ದಾನೆ. ಮೂವತ್ತು ಸೆಕೆಂಡಿಗೊಮ್ಮೆ, ಏನೂ ಕೊಡದ ಅಪರಿಚಿತನೊಬ್ಬನಿಗೂ ಸ್ವಲ್ಪ ಬಡಿಸಿ ನೋಡುವುದು. ಕೊಡಲು ಇನ್ನೂ ಏನೂ ಇಲ್ಲದ ಹೊಸಬ ಬದುಕುವುದು ಆ ತುತ್ತಿನಿಂದ. ಮಾಮ ವರ್ಷಗಟ್ಟಲೆ ಹೊಸಬನಾಗಿಯೇ ಬದುಕಿದ.

ಆಮೇಲೆ ಮೋಡೆಮ್ಮಿನ ಬಾಗಿಲು. ನಾವು ಹೊರಗೆ ಹೋಗಿ ಬೇರೆಯವರ ಬಾಗಿಲು ಬಡಿಯಬಹುದು. ಬೇರೆಯವರು ಬಂದು ನಮ್ಮದನ್ನು ಬಡಿದರೆ ಮೋಡೆಮ್ಮು ಒಳಗೆ ಬಿಡುವುದಿಲ್ಲ. ಅದಕ್ಕೆಂದು ಒಂದು ಪೋರ್ಟು ತೆರೆದು ಕಂಪ್ಯೂಟರಿಗೆ ದಾರಿ ತೋರಿಸಬೇಕು. ನಾನು ಮಾಡಿಕೊಟ್ಟೆ. ಕೆಳಗೆ ಹಸಿರು ಗುರುತು ಬಿತ್ತು, ಸಂಪರ್ಕ ಹೆಚ್ಚಿದವು, ವೇಗ 30 ದಾಟಿ ಅಲ್ಲೇ ನಿಂತಿತು. ಮಾಮ ಮೆಚ್ಚಲಿಲ್ಲ. “ಮನಿ ಬಾಗಲಾ ತೆಗದಿಟ್ಟು ಮಲಗು ಅಂತೀಯಲ್ಲ” ಎಂದು ನಾನು ಅಗಸಿ ದಾಟುವುದರೊಳಗೆ ಮುಚ್ಚಿದ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಒಂದು ರಾತ್ರಿಯ ತಪಸ್ಸು ಕೆಲವು ನಿಮಿಷಕ್ಕಿಳಿಯಿತು. ಅಷ್ಟು ಬೇಗ ಮುಗಿಯುವುದರಲ್ಲಿ ಮಾಮನಿಗೆ ಸ್ವಾರಸ್ಯ ಕಾಣಲಿಲ್ಲ. ಈಗ ಮೊಬೈಲಿನಲ್ಲಿ ಬರೇ ಸ್ಪೀಡ್ ಟೆಸ್ಟ್ ಮಾಡುತ್ತಾನೆ, ಏನನ್ನೂ ಇಳಿಸುವುದಿಲ್ಲ.

ಮೊನ್ನೆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಮಾಮನ ಹೆಂಡತಿ, ನಮ್ಮ ಅತ್ತಿ, ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಎರಡು ದಿನ ಜೋಳದ ರೊಟ್ಟಿ ಬಡಿದರು. ಊರೂರಿಂದ ಹೀಗೇ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುತ್ತದೆ, ದಾಸೋಹದಲ್ಲಿ ಲಕ್ಷಾಂತರ ಮಂದಿ ಉಣ್ಣುತ್ತಾರೆ. ಪಂಕ್ತಿಯಲ್ಲಿ ಮಾಮ ನನ್ನ ಪಕ್ಕ ಕುಳಿತ. ಮೂರನೆಯ ರೊಟ್ಟಿ ಮುರಿಯುತ್ತ ಅವನಿಗೆ ಜ್ಞಾನೋದಯವಾಯಿತು.

“ಅಳಿಯಾ, ಇದ ನೋಡು ಟೊರೆಂಟು! ಒಂದ ಒಲ್ಯಾಗ ಇಷ್ಟು ರೊಟ್ಟಿ ಆಗೂದಿಲ್ಲ. ಊರಿಗೊಂದು ತುಣುಕು ಬಂದು ಇಲ್ಲಿ ಕೂಡತೈತಿ. ಎಲ್ಲಾರೂ ಸೀಡು!”

ಎದುರು ಸಾಲಿನಿಂದ ಅತ್ತಿ ಕೇಳಿದರು: “ನಿಮ್ಮದೆಷ್ಟು ಅಪ್‌ಲೋಡ್ ಆತ್ರಿ?”

ಮಾಮ ಬಡಿಸುವ ಹುಡುಗನ ಕಡೆ ತಿರುಗಿದ.

“ತಮ್ಮಾ, ಇನ್ನೊಂದು ಸೌಟು ಮಾದ್ಲಿ ಬರಲಿ.”