ಕುಜಲೋಕದ ನಾಗಿಣಿ

(ಗಾಂಧಿನಗರದ ಹೋಟೆಲು. ನಿರ್ಮಾಪಕರು ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ನಿರ್ದೇಶಕರು ಮಾಣಿಗೇ ಕಥೆ ಹೇಳತೊಡಗಿದ್ದಾರೆ.)

ನಿರ್ದೇಶಕ: ಇಸವಿ 3024. ಮಂಗಳ ಗ್ರಹದಲ್ಲೊಂದು ಗುಡಿ. ಪೂಜೆ ಮಾಡೋಳು ನಾಗಿಣಿ!

ಮಾಣಿ: ಅಲ್ಲಿ ಹೆಂಗಸರನ್ನ ಗರ್ಭಗುಡಿಯೊಳಗೆ ಬಿಡ್ತಾರಾ ಸಾರ್?

ನಿರ್ದೇಶಕ: ಅದಕ್ಕೇ ಕಣೋ ಸೈನ್ಸ್ ಫ್ಯಾಂಟಸಿ ಅಂದಿದ್ದು!

ಮಾಣಿ: ಮದುವೆ ಆಗಿದ್ಯಾ ಅವರಿಗೆ?

ನಿರ್ದೇಶಕ: ಇಲ್ಲ. ಕುಜದೋಷ.

ಮಾಣಿ: ಕುಜನ ಮೇಲೇ ಹುಟ್ಟಿದವರಲ್ವಾ ಸಾರ್? ಹಂಗಾದ್ರೆ ಊರಿಗೂರೇ ಬ್ರಹ್ಮಚಾರಿಗಳಾ?

ನಿರ್ದೇಶಕ: ಅದು ಪಾರ್ಟ್ ಟೂ. ಈಗ ಕೇಳು, ರಾಹುಕಾಲ ಕಳೀತಿದ್ದಂಗೆ...

ಮಾಣಿ: ಯಾವ ಊರಿನ ರಾಹುಕಾಲ ಸಾರ್? ಅಲ್ಲಿ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದ ಅಂತ ಮಗಳು ಓದ್ತಿದ್ಲು.

ನಿರ್ದೇಶಕ: ಆ 40 ನಿಮಿಷ ನಾಗಿಣಿ ಡ್ಯಾನ್ಸು! ಪುಂಗಿ ಊದಿದ್ರೆ ರಾಕೆಟ್ಟೇ ಹೆಡೆ ಎತ್ತುತ್ತೆ.

ಮಾಣಿ: ಅಲ್ಲಿ ಗಾಳಿ ನಮ್ಮದರ ನೂರರಲ್ಲೊಂದು ಪಾಲೂ ಇಲ್ವಂತೆ. ಪುಂಗಿ ಊದೋರು ಯಾರು?

ನಿರ್ದೇಶಕ: (ಎದೆ ತಟ್ಟಿ) ನಾನಿಲ್ವಾ?

ಮಾಣಿ: ಅದು ಸರಿ ಸಾರ್. ಬಜೆಟ್ಟು?

ನಿರ್ದೇಶಕ: ಬರೀ 600 ಕೋಟಿ!

ಮಾಣಿ: 2014ರಲ್ಲಿ ನಮ್ಮ ಮಂಗಳಯಾನ ಅಲ್ಲಿಗೆ ತಲುಪಿದ್ದು ಸುಮಾರು 450 ಕೋಟಿಗೆ. ನಿಜವಾಗ್ಲೂ ಹೋಗ್ಬಿಟ್ರೆ ಉಳಿತಾಯ ಅಲ್ವಾ?

ನಿರ್ದೇಶಕ: ಲಾಜಿಕ್ ಕೇಳಬಾರ್ದು ಕಣೋ. ಇನ್ನೊಂದು ಕಾಫಿ ತಗೊಂಬಾ.

ಮಾಣಿ: ಹಳೇ ಬಾಕಿ 340 ರೂಪಾಯಿ ಕೊಟ್ಟು ಆರ್ಡರ್ ಮಾಡಿ ಸಾರ್.