ಅಟ್ಟದ ಮೇಲಿನ ಡಿಜೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಯುವಕವರ್ಗದಲ್ಲಿ ಅಡಿಕೆ ತೋಟದ ವಾರಸುದಾರ, ಬೆಂಗಳೂರು ಬಿಟ್ಟು ಬಂದವನು, ಸ್ಪರ್ಧಾತ್ಮಕ ಪರೀಕ್ಷೆಗಳ ಕಾಯಂ ಅಭ್ಯರ್ಥಿ ಎಂಬ ಸುಪರಿಚಿತ ಪ್ರಭೇದಗಳ ಜೊತೆಗೆ ಈಚೆಗೆ ಮತ್ತೊಂದು ಪ್ರಭೇದವೂ ಕಾಣಿಸಿಕೊಂಡಿದ್ದು, ಅದನ್ನು ‘ಅಭ್ಯಾಸನಿರತ ಡಿಜೆ’ ಎಂದು ಗುರುತಿಸಬಹುದು. ಮದುವೆ ಮನೆಗಳಲ್ಲಿ ಹಾಡು ಹಾಕುವ ಸೌಂಡ್‌ಬಾಕ್ಸಿನವರಿಂದ ಈತನನ್ನು ಬೇರ್ಪಡಿಸುವ ಲಕ್ಷಣ ಸರಳವಾದುದು: ಅವರು ಅಭ್ಯಾಸವಿಲ್ಲದೆಯೇ ಊರೂರಲ್ಲಿ ಹಾಡು ಹಾಕುತ್ತಾರೆ, ಈತ ಎಲ್ಲಿಯೂ ಹಾಕದೆ ಅಭ್ಯಾಸ ಮಾಡುತ್ತಾನೆ, ಇನ್ನೂ ನಿಖರವಾಗಿ ಹೇಳುವುದಾದರೆ, ಅಭ್ಯಾಸಕ್ಕೆ ಬೇಕಾದ ವೇಳಾಪಟ್ಟಿಯನ್ನು ಸಿದ್ಧಪಡಿಸುತ್ತಾನೆ.

ಅಡಿಕೆ ಮಂಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಬಣ್ಣದ ಸ್ಕೆಚ್ ಪೆನ್ನುಗಳಿಂದ ಬರೆದು ಅಟ್ಟದ ಕಂಬಕ್ಕೆ ಅಂಟಿಸಿದ ಈ ವೇಳಾಪಟ್ಟಿಯೇ ಆತನ ಪ್ರಧಾನ ಕೃತಿಯಾಗಿದೆ. ಬೆಳಗಿನ 6 ಗಂಟೆಗೆ ಬೀಟ್‌ಮ್ಯಾಚಿಂಗ್, ಅಂದರೆ ನಿಮಿಷಕ್ಕೆ ಇಷ್ಟು ಬಡಿತಗಳೆಂದು ಲೆಕ್ಕ ಹಾಕಿ ಎರಡು ಹಾಡುಗಳ ವೇಗವನ್ನು ಸರಿಹೊಂದಿಸಿ ಒಂದರಿಂದ ಇನ್ನೊಂದಕ್ಕೆ ಕೇಳುಗನಿಗೆ ಗೊತ್ತಾಗದಂತೆ ದಾಟುವ ವಿದ್ಯೆ, 6.20ಕ್ಕೆ ಬೇಬಿ ಸ್ಕ್ರ್ಯಾಚ್, ಅಂದರೆ ತಿರುಗುವ ತಟ್ಟೆಯನ್ನು ಅಂಗೈಯಡಿ ಹಿಂದಕ್ಕೂ ಮುಂದಕ್ಕೂ ತಳ್ಳಿ ಧ್ವನಿಯನ್ನು ಕೆರೆಯುವ ಮೊದಲ ಪಾಠ, 6.40ಕ್ಕೆ ಚರ್ಪ್, ಅಂದರೆ ಹಾಗೆ ಕೆರೆಯುತ್ತಿರುವಾಗಲೇ ಇನ್ನೊಂದು ಕೈಯಿಂದ ಕ್ರಾಸ್‌ಫೇಡರ್ ಎಂಬ ಜಾರುಗುಂಡಿಯನ್ನು ಸರಿಸಿ, ಧ್ವನಿಯನ್ನು ಹಕ್ಕಿಯ ಚಿಲಿಪಿಲಿಯಂತೆ ಕತ್ತರಿಸುವ ಎರಡನೆಯ ಪಾಠ. 7 ಗಂಟೆಯ ಮನೆಯಲ್ಲಿ ಕೆಂಪು ಅಕ್ಷರಗಳಲ್ಲಿ ‘ಆತ್ಮವಿಮರ್ಶೆ’ ಎಂದಿದೆ. ಪಟ್ಟಿಯಲ್ಲಿ ಈವರೆಗೆ ತಪ್ಪದೆ ಪಾಲನೆಯಾದದ್ದು ಭಾನುವಾರದ ವಿಶ್ರಾಂತಿ ಮಾತ್ರ.

ಈ ವಿದ್ಯೆಯ ಮೂಲವನ್ನು ಆತ ಬಲ್ಲ, ಕೇಳದವರಿಗೂ ಹೇಳಬಲ್ಲ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮುಂದೆ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್ ಎಂದು ಹೆಸರಾದ ಹುಡುಗನೊಬ್ಬ ಕೋಣೆಯಲ್ಲಿ ಜೋರಾಗಿ ಹಾಡು ಹಾಕಿಕೊಂಡಿದ್ದಾಗ ತಾಯಿ ಬಾಗಿಲಲ್ಲಿ ನಿಂತು ಗದರಿದರೆಂದೂ, ಆತ ತಿರುಗುತ್ತಿದ್ದ ರೆಕಾರ್ಡನ್ನು ಕೈಯಿಂದ ಹಿಡಿದು ಅಲ್ಲಾಡಿಸುತ್ತ ಬೈಗುಳ ಕೇಳಿಸಿಕೊಂಡನೆಂದೂ, ಆಗ ಹೊರಟ ಕೆರೆತದ ಸದ್ದಿನಿಂದಲೇ ಸ್ಕ್ರ್ಯಾಚ್ ಹುಟ್ಟಿತೆಂದೂ ಪ್ರತೀತಿಯಿದೆ. ತಾಯಿಯ ಬೈಗುಳವೇ ಈ ಕಲೆಯ ಮೂಲಧಾತುವಾಗಿದ್ದ ಪಕ್ಷದಲ್ಲಿ ಮಲೆನಾಡು ಇಷ್ಟು ಹೊತ್ತಿಗೆ ಜಗತ್ಪ್ರಸಿದ್ಧ ಕಲಾವಿದರನ್ನು ಕೊಟ್ಟಿರಬೇಕಿತ್ತು. ಆದರೆ ಥಿಯೋಡೋರನ ಅಜ್ಜಿ ಕೆಳಗಿನ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ, “ಮಾಣಿ, ಅಟ್ಟದಲ್ಲಿ ಹೆಗ್ಗಣ ಸೇರಿಕೊಂಡಿದೆ, ಸ್ವಲ್ಪ ನೋಡು” ಎಂದು ಕೂಗಿದ ದಾಖಲೆ ಎಲ್ಲಿಯೂ ಇಲ್ಲ.

ಅಭ್ಯಾಸ ಕುಂಠಿತವಾಗಲು ಆತ ನೀಡುವ ಕಾರಣಗಳು ಪ್ರಾದೇಶಿಕ ಕೃಷಿ ಮತ್ತು ಹವಾಮಾನಗಳ ಗಂಭೀರ ಅಧ್ಯಯನಕ್ಕೆ ಯೋಗ್ಯವಾಗಿವೆ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಮರ ಬಿದ್ದು ವಿದ್ಯುತ್ ತಂತಿ ಹರಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ನಾಡಿಗೆಲ್ಲ ಬೆಳಕು ಹೋದರೂ ಅದರ ಪಕ್ಕದ ಹಳ್ಳಿಯ ಲ್ಯಾಪ್‌ಟಾಪ್ ಚಾರ್ಜಾಗುವುದಿಲ್ಲ, ಇನ್ವರ್ಟರಿನ ಮೇಲಿನ ಹಕ್ಕು ತಂದೆಯವರ ವಾರ್ತೆಗೂ ಅಜ್ಜಿಯ ಧಾರಾವಾಹಿಗೂ ಮೀಸಲು. ಮಳೆ ತುಸು ಹೊಳವಾದೊಡನೆ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುವ ಕೆಲಸ ಬರುತ್ತದೆ. ದಸರೆ ಕಳೆಯುತ್ತಲೇ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಶುರುವಾಗಿ ಅಟ್ಟವೇ ಅಡಿಕೆ ಮೂಟೆಗಳ ಪಾಲಾಗುತ್ತದೆ. ನಡುವೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯನ್ನು ತಪ್ಪಿಸುವಂತಿಲ್ಲ. ಅನಂತರ ಮದುವೆಗಳು, ಮತ್ತೆ ಜೂನ್. ವರ್ಷದಲ್ಲಿ ಅಭ್ಯಾಸಕ್ಕೆ ಅನುಕೂಲವಾದ ತಿಂಗಳೇ ಇಲ್ಲವೆಂಬುದನ್ನು ಇಷ್ಟು ಸಾಧಾರವಾಗಿ ನಿರೂಪಿಸಿದ ವಿದ್ವಾಂಸರು ವಿರಳ.

ಇದೇ ಮನೆಯಲ್ಲಿ, ಇದೇ ಮಳೆಯಲ್ಲಿ ದೊಡ್ಡಪ್ಪನವರು ಯಕ್ಷಗಾನದ ಮದ್ದಳೆ ಕಲಿತರೆಂಬುದು ಈ ಸಿದ್ಧಾಂತಕ್ಕೆ ಎದುರಾಗುವ ಒಂದೇ ತೊಡಕು. ಅವರಿಗೆ ವೇಳಾಪಟ್ಟಿ ಇರಲಿಲ್ಲ, ದನ ಕರೆದು ಕಾಫಿ ಕುಡಿದ ಮೇಲಿನ ಅರ್ಧ ಗಂಟೆಯಿತ್ತು. ಒಂದೇ ಪಾಠವನ್ನು ನಿಧಾನದಲ್ಲಿ ಕೂರಿಸಿಕೊಂಡು, ಅದು ಕೈಗೆ ಹತ್ತಿದ ಮೇಲೆ ಇಮ್ಮಡಿ ವೇಗಕ್ಕೂ ಅಲ್ಲಿಂದ ಮುಂದಕ್ಕೂ ಹೋಗುವ ಕ್ರಮವಿತ್ತು. ಸ್ಕ್ರ್ಯಾಚ್ ಕಲಿಯುವ ಕ್ರಮವೂ ವಾಸ್ತವವಾಗಿ ಇದಕ್ಕಿಂತ ಬೇರೆಯಲ್ಲ: ನಿಮಿಷಕ್ಕೆ 70 ಬಡಿತದ ತಾಳ ಹಾಕಿಕೊಂಡು ಬೇಬಿ ಸ್ಕ್ರ್ಯಾಚ್ ಒಂದನ್ನೇ ಕಾಲು ಗಂಟೆ ತಿದ್ದಿ, ಅದು ತಪ್ಪದೆ ಬಂದ ಮೇಲೆ 80ಕ್ಕೆ ಏರಿದರೆ ಸಾಕು. ತಮ್ಮನ ಮಗನ ಕೈ ಹತ್ತನೆಯ ಬಡಿತಕ್ಕೆ ಓಡತೊಡಗಿದ್ದನ್ನು ಕೇಳಿದ ದೊಡ್ಡಪ್ಪನವರು, “ಕೈಯಲ್ಲಿ ತಾಳವೇ ಇಲ್ಲವಲ್ಲ ಮಾರಾಯ” ಎಂದಾಗ ಆತ ಸಿಂಕ್ ಗುಂಡಿಯನ್ನು, ಅಂದರೆ ಎರಡು ಹಾಡುಗಳ ವೇಗವನ್ನು ಯಂತ್ರವೇ ಸರಿಹೊಂದಿಸಿಕೊಡುವ ಸೌಲಭ್ಯವನ್ನು, ಒತ್ತಿ ತೋರಿಸಿದನು. ದೊಡ್ಡಪ್ಪನವರು ಯಂತ್ರವನ್ನು ಮನಸಾರೆ ಹೊಗಳಿ ಕೆಳಗಿಳಿದರು.

ಇಂತಹ ಸಾಧಕನಿಗೂ ಪ್ರದರ್ಶನದ ಅವಕಾಶ ಬಾರದೆ ಇರುವುದಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ, ಊರಿನ ಗಣಪತಿ ಮೆರವಣಿಗೆಯಲ್ಲಿ ಈತನ ಸರದಿ 9.50ಕ್ಕೆ ಬರುತ್ತದೆ. ಆತ ಕಣ್ಣು ಮುಚ್ಚಿ, ಹೆಡ್‌ಫೋನಿನ ಒಂದು ಬಟ್ಟಲನ್ನು ಮಾತ್ರ ಕಿವಿಗೆ ಒತ್ತಿಕೊಂಡು, ಜನ ಕುಣಿಯುತ್ತಿದ್ದ ಹಾಡಿನ ನಡುವೆ ತನ್ನ ಮೊದಲ ಚರ್ಪ್ ಅನ್ನು ಕೆರೆಯುತ್ತಾನೆ, ಕುಣಿತ ನಿಲ್ಲುತ್ತದೆ, ಸಮಿತಿಯವರೊಬ್ಬರು ಟ್ರ್ಯಾಕ್ಟರ್ ಹತ್ತಿ, ವಯರು ಲೂಸಾಗಿದೆಯೆಂದು ನಿರ್ಧರಿಸಿ, ಅದನ್ನು ಬಿಗಿಯಾಗಿ ತಿರುಚಿ ಇಳಿಯುತ್ತಾರೆ.

ಮರುದಿನ ಅಟ್ಟದ ಕಂಬದ ಮೇಲೆ ವೇಳಾಪಟ್ಟಿಯ ಪರಿಷ್ಕೃತ ಆವೃತ್ತಿ ಕಾಣಿಸಿಕೊಳ್ಳುತ್ತದೆ. ಗುರಿಯ ಅಂಕಣದಲ್ಲಿ ಈ ಬಾರಿ ಸಾಗರದ ಮಾರಿಕಾಂಬಾ ಜಾತ್ರೆಯನ್ನು ನಮೂದಿಸಲಾಗಿದ್ದು, ಆ ಜಾತ್ರೆ ಮೂರು ವರ್ಷಗಳಿಗೊಮ್ಮೆ ನಡೆಯುವುದರಿಂದ ತಯಾರಿಗೆ ಸಮಯ ಸಾಲಲಿಲ್ಲವೆಂದು ಹೇಳಲು ಆತನಿಗೆ ಅವಕಾಶವಿರುವುದಿಲ್ಲ.