ಚಿಕಾಗೋದಲ್ಲಿ ಟವೆಲ್ ಹಾಕಿದ್ದು

ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ತರಕಾರಿಯ ಹೆಸರು ಕೇಳದೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇವರ ಫೋನಿನಲ್ಲಿ ಒಂದು ಆ್ಯಪ್ ಇದೆ. ಹೊಟ್ಟೆಯೊಳಗಿನ ಮಗು ಈ ವಾರ ಯಾವ ಹಣ್ಣು, ಯಾವ ಕಾಯಿಯ ಗಾತ್ರಕ್ಕೆ ಬಂದಿದೆ ಎಂದು ಅದು ವಾರವಾರ ವರದಿ ಒಪ್ಪಿಸುತ್ತದೆ. ನಿಂಬೆಹಣ್ಣಿನಿಂದ ಶುರುವಾಗಿ, ಮುಸುಕಿನ ಜೋಳ, ಬದನೆಕಾಯಿ ದಾಟಿ ಬಂದಿದ್ದೇವೆ. ಇವರು ಅದನ್ನು ಆಕಾಶವಾಣಿ ವಾರ್ತೆಯ ಗತ್ತಿನಲ್ಲಿ ಓದುತ್ತಾರೆ. ಒಂದು ವಾರ ಅತ್ತೆ ವಿಡಿಯೋ ಕಾಲ್‌ನಲ್ಲಿರುವಾಗಲೇ "ಈ ವಾರ ಪರಂಗಿಹಣ್ಣು!" ಎಂದು ಘೋಷಿಸಿಬಿಟ್ಟರು. ಸಾಗರದಲ್ಲಿ ಅತ್ತೆಯ ಕೈಯಿಂದ ಫೋನ್ ಜಾರಿತು. ಬಹಳ ಹೊತ್ತು ನಮಗೆ ಅವರ ಅಡುಗೆಮನೆಯ ಸೂರು ಮಾತ್ರ ಕಾಣಿಸುತ್ತಿತ್ತು.

"ಬಸುರಿ ಇರೋ ಮನೇಲಿ ಪರಂಗಿ ಹೆಸರು ಎತ್ತಬಾರ್ದು ಅಂತ ಗೊತ್ತಿಲ್ವನಾ ನಿಂಗೆ?"

"ತಿನ್ನಕ್ಕಲ್ಲಮ್ಮ, ಅಳತೆಗೆ."

"ಅಳತೆಗೆ ಬೇರೆ ಏನೂ ಸಿಗ್ಲಿಲ್ವಾ? ತೆಂಗಿನಕಾಯಿ ಅನ್ನು."

ಆ ವಾರ ಪೂರ್ತಿ ಮಗು ತೆಂಗಿನಕಾಯಿಯಾಗಿಯೇ ಬೆಳೆಯಿತು.

ಉಳಿದ ತಿಂಗಳುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೆಪ್ಟೆಂಬರಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ "ಗಂಡೋ ಹೆಣ್ಣೋ ಹೇಳಲಾ?" ಎಂದು ಸಲೀಸಾಗಿ ಕೇಳಿದಾಗ ಇವರು ಗಾಬರಿಯಿಂದ ಬಾಗಿಲ ಕಡೆ ನೋಡಿದರು. ಲಿಂಗಪತ್ತೆ ಅಪರಾಧ ಎಂಬ 1994ರ ಕಾಯ್ದೆಯ ಬೋರ್ಡನ್ನು ಆಸ್ಪತ್ರೆ ಆಸ್ಪತ್ರೆಯಲ್ಲೂ ಓದಿಕೊಂಡು ಬೆಳೆದ ನಾವಿಬ್ಬರೂ, ಯಾವ ತಪ್ಪನ್ನೂ ಮಾಡದೆ ಬೆವತು, ಬೇಡ ಬೇಡ ಎಂದು ಎದ್ದು ಬಂದೆವು. ಅಕ್ಟೋಬರಿನಲ್ಲಿ ಹ್ಯಾಲೋವೀನ್. ಅಮೆರಿಕದಲ್ಲೇ ಅತಿ ಹೆಚ್ಚು ಕುಂಬಳಕಾಯಿ ಬೆಳೆಯುವ ರಾಜ್ಯ ನಮ್ಮ ಇಲಿನಾಯ್. ಮನೆಮನೆಯ ಮೆಟ್ಟಿಲ ಮೇಲೂ ಕಣ್ಣು ಮೂಗು ಕೊರೆದ ಕುಂಬಳ. ಬಸುರಿ ಕುಂಬಳಕಾಯಿ ಒಡೆಯಬಾರದು, ಒಡೆಯುವುದನ್ನು ನೋಡಲೂ ಬಾರದು ಎಂದು ಅತ್ತೆಯ ಶಾಸನ. ಹಾಗಾಗಿ ಆ ತಿಂಗಳಿಡೀ ನಾನು ವಾಕಿಂಗ್ ಹೋದದ್ದು ಆಕಾಶ ನೋಡಿಕೊಂಡು. ನವೆಂಬರಿನ ಮೊದಲ ಭಾನುವಾರ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಹೋದವು; ನನ್ನ ಎದೆಯುರಿ ಮಾತ್ರ ಹಳೆಯ ಟೈಮಿಗೇ ಬಂತು.

ಡಿಸೆಂಬರಿನಲ್ಲಿ, ಧನುರ್ಮಾಸ ಹಿಡಿಯುವುದರೊಳಗೆ, ಪರಿಚಯದ ಕನ್ನಡದ ಹೆಂಗಸರೆಲ್ಲ ಸೇರಿ ಸೀಮಂತ ಮಾಡಿದರು. ಎರಡು ಕೈಗೂ ಹಸಿರು ಗಾಜಿನ ಬಳೆ ತೊಡಿಸಿದರು. ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಆದರೆ ಹೊಟ್ಟೆ ಮುಂದಕ್ಕಿದೆ, ಗಂಡೇ ಎಂದು ಒಬ್ಬರು, ಮುಖ ಬಾಡಿದೆ, ಹೆಣ್ಣೇ ಎಂದು ಇನ್ನೊಬ್ಬರು, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ಹೊಟ್ಟೆಯ ಒಡತಿಯನ್ನು ಕೇಳಿದವರಿಲ್ಲ. "ನಿಂತ್ಕೋಬೇಡ, ಕೂತ್ಕೊಳಮ್ಮ" ಎಂದು ಉಪಚಾರ ಮಾಡುತ್ತಿದ್ದವರೇ ಮನೆಯ ಕುರ್ಚಿಗಳಲ್ಲೆಲ್ಲ ಕೂತಿದ್ದರು.

ಕುರ್ಚಿಯ ಮಾತು ಬಂದದ್ದು ಒಳ್ಳೆಯದಾಯಿತು. ನಾನು ಹೇಳಬೇಕಾದದ್ದು ಅದನ್ನೇ.

ಚಿಕಾಗೋದವರಿಗೆ ಹಿಮ ಎಂದರೆ ಹವಾಮಾನವಲ್ಲ, ರಾಜಕೀಯ. 1967ರ ಜನವರಿಯಲ್ಲಿ ಒಂದೇ ಬಿರುಗಾಳಿಗೆ 23 ಇಂಚು ಬಿದ್ದು ಊರೇ ಹೂತುಹೋಗಿತ್ತು. 1979ರಲ್ಲಿ ಮತ್ತೆ ಅಂಥದೇ ಹಿಮ ಬಿದ್ದಾಗ ರಸ್ತೆ ತೆರವು ಮಾಡಿಸಲಾಗದ ಮೇಯರ್ ಮೈಕೆಲ್ ಬಿಲಾಂಡಿಕ್ ಸ್ವಂತ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಜೇನ್ ಬರ್ನ್ ಎದುರು ಸೋತರು. ಊರಿಗೆ ಮೊದಲ ಮಹಿಳಾ ಮೇಯರ್ ಬಂದದ್ದು ಹಾಗೆ. ರಸ್ತೆಗುಂಡಿ ಮುಚ್ಚದವರನ್ನು ಮೂರು ಮೂರು ಸಲ ಗೆಲ್ಲಿಸುವ ನಾಡಿನಿಂದ ಬಂದ ನನಗೆ ಇದನ್ನು ಕೇಳಿ ಮೈ ಜುಮ್ಮೆಂದಿತ್ತು.

ಇಲ್ಲಿ ಇನ್ನೂ ಒಂದು ಪದ್ಧತಿ ಇದೆ, ಡಿಬ್ಸ್ ಅಂತ. ಬೀದಿಬದಿಯ ಪಾರ್ಕಿಂಗ್ ಜಾಗ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಹಿಮ ಬಿದ್ದ ಮೇಲೆ, ಸೊಂಟ ಬೀಳುವಷ್ಟು ಹೊತ್ತು ಸಲಿಕೆ ಹಿಡಿದು ಯಾರು ಕಾರನ್ನು ಹೊರತೆಗೆದರೋ ಆ ಜಾಗ ಅವರದು. ಕಾರು ತೆಗೆದುಕೊಂಡು ಹೊರಗೆ ಹೋಗುವಾಗ ಅಲ್ಲಿ ಒಂದು ಹಳೇ ಕುರ್ಚಿಯೋ, ಇಸ್ತ್ರಿ ಹಲಗೆಯೋ, ಮಕ್ಕಳ ಮುರಿದ ಸೈಕಲ್ಲೋ ಇಟ್ಟು ಹೋಗುತ್ತಾರೆ. ಕಾನೂನು ಒಪ್ಪುವುದಿಲ್ಲ, ಬೀದಿ ಒಪ್ಪುತ್ತದೆ. ನಗರಾಡಳಿತ ಕೆಲವು ದಿನ ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಲಾರಿ ಕಳಿಸಿ ಎಲ್ಲವನ್ನೂ ಎತ್ತಿಸುತ್ತದೆ.

ಇದನ್ನು ಇವರು ಮೊದಲ ಸಲ ವಿವರಿಸಿದಾಗ ನನಗೆ ನಗು ಬಂತು. ಇದು ಬಸ್ಸಿಗೆ ಟವೆಲ್ ಹಾಕಿದ ಹಾಗೆಯೇ ಅಲ್ಲವೇ! ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಧರ್ಮಸ್ಥಳದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅಪ್ಪ ನನ್ನನ್ನು ಎತ್ತಿ ಕಿಟಕಿಯಿಂದ ಒಳಕ್ಕೆ ತೂರಿಸುತ್ತಿದ್ದರು. ಒಂದು ಸೀಟಿಗೆ ಟವೆಲ್, ಒಂದಕ್ಕೆ ಕರ್ಚೀಫು, ಮೂರನೆಯದಕ್ಕೆ ನಾನು. ಟವೆಲ್ಲಿಗೆ ಮರ್ಯಾದೆ ಕೊಡದ ಜನರೂ ಇರುತ್ತಾರೆ. "ಟವೆಲ್ ಎತ್ತಿ ಹಾಕ್ತಾರೆ ಕಣೇ, ಮನುಷ್ಯರನ್ನ ಎತ್ತಿ ಹಾಕಲ್ಲ. ಕೂತ್ಕೊಂಡ್ರೆ ಏಳ್ಬೇಡ" ಎಂದು ಅಪ್ಪ ಹೇಳಿಕೊಟ್ಟಿದ್ದರು. ಮುಂದೆ ನಾನು ಎಂ.ಎಸ್ಸಿ. ಮಾಡಿದೆ, ಆದರೆ ಕಷ್ಟಕಾಲಕ್ಕೆ ಒದಗಿದ್ದು ಈ ವಿದ್ಯೆಯೇ.

ಈ ಸಲ ಸಂಕ್ರಾಂತಿಯ ಹಿಂದಿನ ರಾತ್ರಿ ಹಿಮ ಸುರಿಯಿತು. ಉತ್ತರಾಯಣ ಪುಣ್ಯಕಾಲದಲ್ಲಿ ಇವರು ಸಲಿಕೆ ಹಿಡಿದು, ಹುಸ್ಸಪ್ಪಾ ಎನ್ನುತ್ತ ಕಾರು ಬಿಡಿಸಿದರು. ಕಬ್ಬಿಲ್ಲದೆ ಎಂಥ ಸಂಕ್ರಾಂತಿ ಎಂದು ನಾನು ಮುಖ ಊದಿಸಿಕೊಂಡಿದ್ದರಿಂದ ಡೆವಾನ್ ಅವೆನ್ಯೂದ ಇಂಡಿಯನ್ ಅಂಗಡಿಗಳಿಗೆ ಹೊರಟರು. "ಜಾಗಕ್ಕೆ ಒಂದು ಕುರ್ಚಿ ಇಟ್ಟು ಹೋಗ್ರೀ" ಎಂದೆ.

"ರಸ್ತೇಲಿ ಸಾಮಾನು ಇಡೋದು ಕಾನೂನಿಗೆ ವಿರುದ್ಧ ಮಾರಾಯ್ತಿ. ನಾವು ವೀಸಾ ಮೇಲೆ ಇರೋರು."

ಹೋದರು. ನಾನು ಅಡುಗೆಮನೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸುತ್ತ ಕಿಟಕಿಯಲ್ಲಿ ಬಗ್ಗಿ ನೋಡುತ್ತೇನೆ: ಒಂದು ಬಿಳಿ ವ್ಯಾನು ನಮ್ಮ ಜಾಗದ ಎದುರು ನಿಧಾನ ಮಾಡುತ್ತಿದೆ! ರಕ್ತದಲ್ಲಿದ್ದ ಹಾಸನ ಬಸ್‌ಸ್ಟ್ಯಾಂಡು ಎದ್ದು ನಿಂತಿತು. ನೈಟಿಯ ಮೇಲೆ ಇವರ ಕೋಟು ಹಾಕಿದೆ. ಜಿಪ್ಪು ಹೊಟ್ಟೆಯ ಹತ್ತಿರ ಬಂದು ಸೋಲೊಪ್ಪಿತು. ಇವರ ಬೂಟಿನಲ್ಲಿ ಕಾಲು ತೂರಿಸಿದೆ. ಯಾವುದು ಎಡ ಯಾವುದು ಬಲ ನೋಡೋಣವೆಂದರೆ ನನ್ನ ಪಾದ ನನಗೆ ಕಾಣಿಸದೆ ಎಷ್ಟೋ ಕಾಲವಾಗಿತ್ತು. ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದರಲ್ಲಿ ಎಳ್ಳಿನ ಡಬ್ಬಿ. ಕೆಳಗಿಳಿದವಳೇ ಜಾಗದ ನಟ್ಟನಡುವೆ ಕುರ್ಚಿ ಬಿಚ್ಚಿ ಕೂತುಬಿಟ್ಟೆ. ಸಾಮಾನು ಇಡಬಾರದು ಎಂದಲ್ಲವೇ ಕಾನೂನು? ನಾನು ಸಾಮಾನಲ್ಲ.

ವ್ಯಾನಿನವನು ಕಿಟಕಿ ಇಳಿಸಿದ. "ಮೇಡಂ, ಏನು ಮಾಡುತ್ತಿದ್ದೀರಿ?"

"ಡಿಬ್ಸ್" ಎಂದೆ.

ಅವನು ಕುರ್ಚಿ ನೋಡಿದ, ಹೊಟ್ಟೆ ನೋಡಿದ, ಕೋಟಿನ ತೋಳಿನಿಂದ ಇಣುಕುತ್ತಿದ್ದ ಹಸಿರು ಬಳೆ ನೋಡಿದ. ಹಬ್ಬದ ದಿನ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಡಬ್ಬಿ ಮುಂದೆ ಹಿಡಿದು, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಎಂಬುದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಒಳ್ಳೆಯದನ್ನೇನೂ ಆಡದೆ, ಕೆಟ್ಟದ್ದನ್ನೂ ಆಡದೆ ಹೊರಟುಹೋದ.

ಆಮೇಲೆ ನಾಯಿ ಹಿಡಿದವನೊಬ್ಬ ಬಂದ, ಎಳ್ಳು ಕೊಟ್ಟೆ. ಅಂಚೆಯಾಕೆ ಬಂದಳು, ಎಳ್ಳು ಕೊಟ್ಟೆ. ಕೊನೆಗೆ ಹಿಮ ಸರಿಸುವ ಲಾರಿಯೇ ಬಂತು. ಅದು ಬೀದಿಯ ಹಿಮವನ್ನೆಲ್ಲ ತಂದು, ನಾವು ಬೆವರು ಸುರಿಸಿ ಬಿಡಿಸಿಕೊಂಡ ಜಾಗಕ್ಕೇ ಅಡ್ಡಗೋಡೆ ಕಟ್ಟಿ ಹೋಗುತ್ತದೆ. ಇಲ್ಲಿಯವರಿಗೆಲ್ಲ ಅದರ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು. ಚಾಲಕ ನನ್ನನ್ನು ಕಂಡು ಬ್ರೇಕು ಹಾಕಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಡಬ್ಬಿ ಎತ್ತಿ ತೋರಿಸಿದೆ. ಅವನು ಮುಂದಿನ ಅಲಗನ್ನು ಗರಗರ ಮೇಲೆತ್ತಿ, ನಮ್ಮ ಜಾಗ ದಾಟುವವರೆಗೂ ಹಾಗೇ ಹೋಗಿ, ಆಮೇಲೆ ಇಳಿಸಿದ. ಅಪ್ಪ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಗೆದ್ದೆನಲ್ಲ, ಇನ್ನು ಕುರ್ಚಿಯೊಂದೇ ಸಾಕು ಎಂದು ಏಳಲು ನೋಡಿದೆ. ಆಗಲಿಲ್ಲ. ಕುರ್ಚಿಯ ಪಟ್ಟಿ ಜೋತು ನಾನು ಅದರೊಳಗೆ ಇಳಿದಿದ್ದೆ, ಕುರ್ಚಿಯ ಕಾಲು ಹಿಮದೊಳಗೆ ಇಳಿದಿತ್ತು. ಕೂತವರು ಏಳಬೇಕಾದರೆ ಗುರುತ್ವಕೇಂದ್ರ ಪಾದದ ಮೇಲಕ್ಕೆ ಬರಬೇಕು ಎಂದು ಹಾಸನದ ಪಿಯು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವಳು ನಾನು. ಈಗ ನನ್ನ ಗುರುತ್ವಕೇಂದ್ರ ನನ್ನೊಬ್ಬಳದಾಗಿರಲಿಲ್ಲ. ಮುಂದಕ್ಕೆ ಬಾಗೋಣವೆಂದರೆ ಹೊಟ್ಟೆ, ಪಕ್ಕಕ್ಕೆ ಹೊರಳೋಣವೆಂದರೆ ಹಿಮ. ಒಳಗಿನದು ಬೇರೆ, ಈ ತಮಾಷೆ ಸೊಗಸಾಗಿದೆ ಎಂಬಂತೆ ಒದೆಯತೊಡಗಿತು.

ಆಗ ಕೆಳಮನೆಯ ಅಜ್ಜಿ ಬಾಗಿಲು ತೆರೆದರು. ಪೋಲೆಂಡಿನಿಂದ ಬಂದು ಇದೇ ಪೋರ್ಟೇಜ್ ಪಾರ್ಕಿನಲ್ಲಿ ಮುದುಕಿಯಾದವರು, ನಮ್ಮ ಮನೆ ಮಾಲೀಕರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಈ ಬೀದಿಯಲ್ಲಿ ಕುರ್ಚಿ ಇಟ್ಟವರನ್ನು ಕಂಡಿದ್ದೇನೆ. ಇಸ್ತ್ರಿ ಹಲಗೆ ಇಟ್ಟವರನ್ನು ಕಂಡಿದ್ದೇನೆ. ಒಬ್ಬ ಮೇರಿಮಾತೆಯ ಬೊಂಬೆ ಇಟ್ಟಿದ್ದ. ಬಸುರಿ ಹೆಂಡತಿಯನ್ನು ಇಟ್ಟು ಹೋದವನನ್ನು ಇವತ್ತೇ ಕಾಣುತ್ತಿರುವುದು."

ಅವರು ಇಟ್ಟು ಹೋಗಿಲ್ಲ, ನಾನೇ ಬಂದದ್ದು ಎಂದೆ. ಎಲ್ಲ ಹೆಂಡತಿಯರೂ ಹೀಗೇ ಹೇಳುತ್ತಾರೆ ಎಂದರು. ಒಳಗೆ ಹೋಗಿ ಒಂದು ರಜಾಯಿ, ಒಂದು ಲೋಟ ಬಿಸಿ ಟೀ, ಇನ್ನೊಂದು ಕುರ್ಚಿ ತಂದರು. ನನ್ನನ್ನು ಎಬ್ಬಿಸುವ ಬದಲು ಪಕ್ಕದಲ್ಲಿ ತಾವೂ ಕೂತರು. ಗಂಡ ಬರಲಿ, ನೋಡಲಿ ಎಂಬುದು ಅವರ ಲೆಕ್ಕ. ಟೀ ಕುಡಿಯುತ್ತಿದ್ದಾಗ ಕೇಳಿದರು: "ನಿನ್ನ ತಾಯಿ ಯಾವತ್ತು ಬರುತ್ತಾರೆ?"

ಅಮ್ಮನ ವೀಸಾ ಸಂದರ್ಶನಕ್ಕೆ ಸಿಕ್ಕಿರುವ ತಾರೀಖು ಬರುವಷ್ಟರಲ್ಲಿ ಮಗು ಗೋಡೆ ಹಿಡಿದು ನಡೆಯುತ್ತಿರುತ್ತದೆ. ಅಂಟಿನುಂಡೆಗೆ ಅಂಟು, ಒಣಕೊಬ್ಬರಿ, ಉತ್ತುತ್ತೆ, ಖಾರಕ್ಕೆ ಒಣಶುಂಠಿ, ಮೆಣಸು, ಎಲ್ಲ ಕಟ್ಟಿಟ್ಟುಕೊಂಡು ಅಮ್ಮ ಹಾಸನದಲ್ಲಿ ಕೂತಿದ್ದಾಳೆ. ಬೇಗ ತಾರೀಖು ಸಿಗಬಹುದೇನೋ ಎಂದು ಇವರು ರಾತ್ರಿ ಎದ್ದೆದ್ದು ಕಂಪ್ಯೂಟರ್ ನೋಡುತ್ತಾರೆ. ಆ ಕಿಟಕಿಯೊಳಕ್ಕೆ ಟವೆಲ್ ಎಸೆಯಲು ಬರುವುದಿಲ್ಲ; ಎತ್ತಿ ತೂರಿಸಲು ಅಪ್ಪನೂ ಇಲ್ಲ. ನನ್ನದಾದರೂ ಏನು, ಕಾಗದದಲ್ಲಿ ನಾನು ಇವರ ಅವಲಂಬಿತೆ. 2015ರಿಂದ ನನ್ನಂಥ ಕೆಲವರಿಗೆ ಕೆಲಸದ ಪರವಾನಗಿ ಕೊಡುತ್ತಾರೆ, ಆದರೆ ಅದಕ್ಕೆ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿರಬೇಕು, ನಮ್ಮದು ದಾಟಿಲ್ಲ. ಬ್ಯಾಂಕಿನ ಖಾತೆ, ಮನೆಯ ಕರಾರು, ಕಾರು, ಎಲ್ಲ ಇವರ ಹೆಸರಿನಲ್ಲಿ. ಈ ದೇಶದಲ್ಲಿ ಇದು ನನ್ನದು ಎಂದು ಜಗಳ ಕಾಯುವುದಕ್ಕೆ ಅವತ್ತು ನನಗಿದ್ದದ್ದು ಒಂದು ಕಾರು ಹಿಡಿಸುವಷ್ಟು ರಸ್ತೆ. ಎದ್ದೇಳಲು ಆಗಲಿಲ್ಲ ಎಂದೆನಲ್ಲ, ಏಳುವ ಮನಸ್ಸೂ ಅಷ್ಟಾಗಿ ಇರಲಿಲ್ಲ.

ಇದರಲ್ಲಿ ಅರ್ಧವನ್ನು ಅಜ್ಜಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ನನ್ನ ಡಬ್ಬಿಗೆ ಕೈ ಹಾಕಿ, ಎಳ್ಳು ಕಡಲೆಯನ್ನೆಲ್ಲ ಬೆರಳಿನಿಂದ ಸರಿಸಿ, ಕೊಬ್ಬರಿಯ ಚೂರುಗಳನ್ನಷ್ಟೇ ಆರಿಸಿ ಆರಿಸಿ ತಿಂದರು.

ಕಾರಿನ ಕಿಟಕಿಯಿಂದ ಕಬ್ಬಿನ ತುದಿ ಹೊರಗೆ ಚಾಚಿಕೊಂಡು ಇವರು ಬಂದರು. ತಮ್ಮ ಜಾಗದಲ್ಲಿ ಇಬ್ಬರು ಹೆಂಗಸರು ರಜಾಯಿ ಹೊದ್ದು ಟೀ ಕುಡಿಯುತ್ತಿರುವುದನ್ನು ಕಂಡು ಹಾರ್ನ್ ಹೊಡೆದರು. ಹೊಡೆಯಬಾರದಿತ್ತು. ಅಜ್ಜಿ ಎದ್ದು ಹೋಗಿ ಪೋಲಿಷ್‌ನಲ್ಲಿ ಶುರುಮಾಡಿ ಇಂಗ್ಲಿಷ್‌ನಲ್ಲಿ ಮುಗಿಸಿದರು. ಎದುರುಮನೆಯವನು, ನಾಯಿಯವನು, ಆ ನಾಯಿ, ಎಲ್ಲರೂ ಸಾಕ್ಷಿ. ಇವರು ಇಷ್ಟುದ್ದ ಕಬ್ಬು ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತು "ನಾನು ಇಡಬೇಡ ಅಂತಾನೇ ಹೇಳಿದ್ದೆ, ಕಾನೂನು..." ಎಂದು ತೊದಲುತ್ತಿದ್ದರೆ ನನಗೆ ಅಯ್ಯೋ ಅನ್ನಿಸಿತು, ಖುಷಿಯೂ ಆಯಿತು. ಕೊನೆಗೆ ಎದುರುಮನೆಯವನು ಕುರ್ಚಿ ಹಿಡಿದ, ಇವರು ನನ್ನ ತೋಳು ಹಿಡಿದರು, ಅಜ್ಜಿ ಆಜ್ಞೆ ಕೊಟ್ಟರು, ನಾನು ಎದ್ದೆ.

ಆ ವಾರವೆಲ್ಲ ಮೇಲಿನ ಮನೆಗೆ ಅಜ್ಜಿಯ ಕೈಯ ಪಿಯರೋಗಿ, ಎಲೆಕೋಸಿನ ಸಾರು ಬಂದವು, ಒಬ್ಬರಿಗೆ ಆಗುವಷ್ಟು. ಇವರು ಈಗ ಕಾನೂನಿನ ಮಾತೆತ್ತುವುದಿಲ್ಲ. ಮೊನ್ನೆ ಮತ್ತೆ ಹಿಮ ಬಿದ್ದಾಗ ತಾವೇ ಇಸ್ತ್ರಿ ಹಲಗೆ ತಂದು ನಿಲ್ಲಿಸಿ ಆಫೀಸಿಗೆ ಹೊರಟರು. ಎದುರುಮನೆಯವನು ಹಲಗೆಯನ್ನು ನೋಡಿ, ನಮ್ಮ ಕಿಟಕಿಯನ್ನು ನೋಡಿ, "ಹೆಂಡತಿಗೆ ಇವತ್ತು ರಜೆಯಾ?" ಎಂದು ಕೇಳಿದನಂತೆ.

ದುಡಿಯುವ ಹಕ್ಕಿಲ್ಲದವಳಿಗೆ ಅಮೆರಿಕದಲ್ಲಿ ಮಂಜೂರಾದ ಮೊದಲ ರಜೆ. ಹೆರಿಗೆ ರಜೆ ಎಂದೇ ಬರೆದುಕೊಳ್ಳಲು ಹೇಳಿ ಕಳಿಸಿದ್ದೇನೆ.